ಐದನೇ ಡಾನ್‌ನಲ್ಲಿ ಹತ್ತೊಂಬತ್ತು ವರ್ಷ

2006ರ ಜನವರಿ 8. ಜೂಡೊದ ಮೂಲ ಸಂಸ್ಥೆಯಾದ ಟೋಕಿಯೊದ ಕೊಡೊಕಾನ್‌ನಲ್ಲಿ ಹೊಸ ವರ್ಷದ ಕಾಗಾಮಿಬಿರಾಕಿ. ದೇವರ ಮುಂದೆ ಇಟ್ಟ ಗುಂಡನೆಯ ಅಕ್ಕಿ ಕಡುಬನ್ನು ಒಡೆದು ಹಂಚಿಕೊಂಡು ತಿನ್ನುವ ಆಚರಣೆ ಅದು. ಜೂಡೊ ಲೋಕದ ದೊಡ್ಡ ಬಡ್ತಿಗಳು ಹೊರಬೀಳುವುದೂ ಅಂದೇ. ಆ ದಿನ ತೊಷಿರೊ ದೈಗೊ, ಇಚಿರೊ ಅಬೆ, ಯೊಷಿಮಿ ಒಸಾವಾ ಎಂಬ ಮೂವರು ಹಿರಿಯರು ಜೂಡೊದ ಅತಿ ಮೇಲಿನ ದರ್ಜೆಯಾದ ಹತ್ತನೇ ಡಾನ್‌ಗೆ ಏರಿದರು. ಅದೇ ದಿನ ಕೇಕೊ ಫುಕುಡಾ ಎಂಬ 92 ವರ್ಷದ ಅಜ್ಜಿಗೆ ಒಂಬತ್ತನೇ ಡಾನ್ ಸಿಕ್ಕಿತು. ಕೊಡೊಕಾನ್‌ನಿಂದ ಆ ಮಟ್ಟದ ಮನ್ನಣೆ ಪಡೆದ ಮೊದಲ ಮಹಿಳೆ ಅವರು. ಮೇಲಿನ ಮೆಟ್ಟಿಲಿಗೆ ಹೋದ ಮೂವರೂ ವಯಸ್ಸಿನಲ್ಲಿ ಅವರಿಗಿಂತ ಕಿರಿಯರು.

ಜೂಡೊದ ಸ್ಥಾಪಕ ಕಾನೊ ಜಿಗೊರೊ ಅವರ ಕೈಯಲ್ಲೇ ಕಲಿತವರ ಪೈಕಿ ಕೊನೆಯವರೆಗೆ ಬದುಕಿದ್ದವರು ಫುಕುಡಾ. ಕಲಿಸುವುದನ್ನು ಆರಂಭಿಸಿದ್ದು 1937ರಲ್ಲಿ, ಬಿಟ್ಟದ್ದು 99ನೇ ವಯಸ್ಸಿನಲ್ಲಿ ಸಾವು ಬಂದಾಗ. ನಡುವಿನ ಎಪ್ಪತ್ತೈದು ವರ್ಷಗಳಲ್ಲಿ ಹತ್ತೊಂಬತ್ತನ್ನು ಅವರು ಐದನೇ ಡಾನ್‌ನಲ್ಲೇ ಕಳೆದರು. ವಿದ್ಯೆ ಸಾಲದು ಎಂದು ಯಾರೂ ಹೇಳಲಿಲ್ಲ. ಹೆಂಗಸರಿಗೆ ಅಲ್ಲಿಂದ ಮುಂದೆ ಮೆಟ್ಟಿಲೇ ಇರಲಿಲ್ಲ.

ಹಳೆಯ ಕಥೆ ಎಂದು ಬದಿಗಿಡಬಹುದಿತ್ತು. ಆದರೆ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸುವವರಲ್ಲಿ ಹೆಣ್ಣು ಗಂಡು ಹೆಚ್ಚುಕಡಿಮೆ ಸಮ ಎನ್ನುವ ಹಂತಕ್ಕೆ ಬಂದಿರುವ ಈ ಹೊತ್ತಿನಲ್ಲೂ ಟೋಕಿಯೊ 2020ರ ಕ್ರೀಡಾಕೂಟದಲ್ಲಿ ಮಾನ್ಯತೆ ಪಡೆದಿದ್ದ ತರಬೇತುದಾರರಲ್ಲಿ ಮಹಿಳೆಯರ ಪಾಲು ಶೇ 13 ಮಾತ್ರ. ಅಂಕಣದಲ್ಲಿ ಹೆಣ್ಣುಮಕ್ಕಳಿದ್ದಾರೆ, ಅಂಕಣದ ಅಂಚಿನ ಕುರ್ಚಿಯಲ್ಲಿ ಇಲ್ಲ. ಈ ಅಂತರ ಹುಟ್ಟುವುದು ಹೇಗೆ ಎಂದು ಅರಿಯಲು ಫುಕುಡಾ ಅವರ ಬದುಕಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ.

ಮೊದಲು ಡಾನ್ ಎಂದರೇನು ಎಂಬುದು ತಿಳಿದಿರಲಿ. ಗೋ ಎಂಬ ಮಣೆಯಾಟದಲ್ಲಿ ಚಾಲ್ತಿಯಲ್ಲಿದ್ದ ಈ ದರ್ಜೆಯ ಪದ್ಧತಿಯನ್ನು ಕಾನೊ 1883ರಲ್ಲಿ ತಮ್ಮ ಶಿಷ್ಯರಿಗೆ ಅನ್ವಯಿಸಿದರು. ಒಂದರಿಂದ ಐದರವರೆಗೆ ಕಪ್ಪು ಬೆಲ್ಟ್, ಆರರಿಂದ ಎಂಟರವರೆಗೆ ಕೆಂಪು ಬಿಳಿ ಪಟ್ಟೆಯದು, ಒಂಬತ್ತು ಮತ್ತು ಹತ್ತಕ್ಕೆ ಅಪ್ಪಟ ಕೆಂಪು. ನಮ್ಮೂರಿನ ಕರಾಟೆ ತರಗತಿಗಳ ಬೋರ್ಡುಗಳನ್ನು ನೋಡಿದವರಿಗೆ ಇದು ಬರೀ ಅಲಂಕಾರ ಎನ್ನಿಸೀತು. ಜಪಾನಿನ ಕಲೆಗಳಲ್ಲಿ ಹಾಗಲ್ಲ. ಯಾರು ಯಾರನ್ನು ಪರೀಕ್ಷಿಸಬಹುದು, ಯಾರ ರುಜುವಿಗೆ ಬೆಲೆ, ನಿಯಮ ಬದಲಿಸುವ ಸಭೆಯಲ್ಲಿ ಯಾರಿಗೆ ಜಾಗ ಎನ್ನುವುದೆಲ್ಲ ಈ ಅಂಕಿಯನ್ನು ಅವಲಂಬಿಸಿದೆ. ಐದರಲ್ಲಿ ನಿಂತವರು ಏಳರವರನ್ನು ಪ್ರಶ್ನಿಸುವುದಿಲ್ಲ. ಆದ್ದರಿಂದ ಹೆಂಗಸರನ್ನು ಐದರಲ್ಲಿ ತಡೆದರೆ, ಆ ತಡೆಯನ್ನು ತೆಗೆಯಬಲ್ಲ ಕೋಣೆಗೂ ಅವರು ಬರದಂತೆ ತಡೆದ ಹಾಗಾಯಿತು.

ಫುಕುಡಾ ಹುಟ್ಟಿದ್ದು 1913ರಲ್ಲಿ, ಟೋಕಿಯೊದಲ್ಲಿ. ತಾತ ಫುಕುಡಾ ಹಾಚಿನೊಸುಕೆ ತೆಂಜಿನ್ ಷಿನ್ಯೊ ಪರಂಪರೆಯ ಜುಜುತ್ಸು ಗುರು; ಜೂಡೊ ಹುಟ್ಟಿದ್ದು ಜುಜುತ್ಸು ಎಂಬ ಈ ಹಳೆಯ ಸೆಣಸಾಟದ ವಿದ್ಯೆಯಿಂದ. 1877ರಲ್ಲಿ ಸಣಕಲ ಹುಡುಗನಾಗಿದ್ದ ಕಾನೊ ಕಲಿಯಲು ಹೋದದ್ದು ಈ ತಾತನ ಬಳಿಗೇ. ಎರಡೇ ವರ್ಷಕ್ಕೆ ತಾತ ತೀರಿಕೊಂಡರು. 1882ರಲ್ಲಿ ಕಾನೊ ಒಂದು ಬೌದ್ಧ ದೇವಾಲಯದ ಕೋಣೆಯಲ್ಲಿ, ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಕೊಡೊಕಾನ್ ಆರಂಭಿಸಿದರು. ಅರ್ಧ ಶತಮಾನದ ಬಳಿಕ, ಗುರುವಿನ ಮನೆಯ ಋಣ ನೆನೆದೋ ಏನೋ, ಆ ಮನೆಯ ಮೊಮ್ಮಗಳನ್ನು ತಾವೇ ಕರೆದರು. ಅಷ್ಟು ಹೊತ್ತಿಗೆ ಕೊಡೊಕಾನ್‌ನಲ್ಲಿ 1926ರಿಂದ ಪ್ರತ್ಯೇಕ ಮಹಿಳಾ ವಿಭಾಗ ನಡೆಯುತ್ತಿತ್ತು. ಹೂ ಜೋಡಣೆ, ಸುಂದರ ಲಿಪಿ, ಚಹಾದ ವಿಧಿ ಕಲಿತು ಬೆಳೆದ, ಐದಡಿಗೆ ಒಂದಂಗುಲ ಕಡಿಮೆಯಿದ್ದ, 45 ಕಿಲೊ ಕೂಡ ತೂಗದ ಕೇಕೊ 1935ರಲ್ಲಿ ಅಲ್ಲಿಗೆ ಸೇರಿದರು. ತಾಯಿಗೂ ಅಣ್ಣನಿಗೂ ಒಳಗೊಳಗೆ ಒಂದು ಲೆಕ್ಕಾಚಾರವಿತ್ತು: ಜೂಡೊ ಕಲಿತ ಒಳ್ಳೆಯ ವರ ಯಾರಾದರೂ ಸಿಕ್ಕಾನು. ಸಿಗಲಿಲ್ಲ, ಅಥವಾ ಕೇಕೊ ಹುಡುಕಲಿಲ್ಲ. ಮದುವೆಯೋ ಜೂಡೊವೋ ಎಂಬ ಆಯ್ಕೆ ಎದುರಾದಾಗ ಅವರು ಜೂಡೊ ಆರಿಸಿಕೊಂಡರು. ಜೂಡೊವೇ ನನ್ನ ಮದುವೆ ಎಂಬ ಅರ್ಥದ ಮಾತನ್ನು ಮುಪ್ಪಿನಲ್ಲಿ ಆಡಿದ್ದಾರೆ.

(ಇಲ್ಲೊಂದು ಸಣ್ಣ ಅಡ್ಡಮಾತು. ರವೀಂದ್ರನಾಥ ಟಾಗೋರರು ಕೊಡೊಕಾನ್‌ನ ಷಿನ್ಜೊ ತಕಾಗಾಕಿ ಅವರನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡದ್ದು 1929ರಲ್ಲಿ. ಅಲ್ಲಿ ಹುಡುಗರ ಜೊತೆ ಹುಡುಗಿಯರೂ ಜೂಡೊ ಕಲಿತರು. ಅಂದರೆ ಫುಕುಡಾ ಕೊಡೊಕಾನ್‌ನ ಹೊಸಿಲು ದಾಟುವುದಕ್ಕೂ ಆರು ವರ್ಷ ಮೊದಲೇ ಬಂಗಾಳದ ಹೆಣ್ಣುಮಕ್ಕಳು ಜೂಡೊ ಪಟ್ಟು ಹಾಕುತ್ತಿದ್ದರು. ಆ ಬಳ್ಳಿ ನಮ್ಮಲ್ಲಿ ಹಬ್ಬದೆ ಹೋದದ್ದು ಇನ್ನೊಂದು ಲೇಖನಕ್ಕೆ ವಸ್ತು.)

ಮಹಿಳಾ ವಿಭಾಗದಲ್ಲಿ ಕಲಿಸುತ್ತಿದ್ದುದು ಏನು ಎಂಬುದರಲ್ಲಿ ಇಡೀ ಸಮಸ್ಯೆಯ ಬೇರಿದೆ. ಜೂಡೊದ ಅಭ್ಯಾಸಕ್ಕೆ ಎರಡು ಕಾಲು. ಒಂದು ರಂದೋರಿ, ಅಂದರೆ ಎದುರಾಳಿಯೊಂದಿಗೆ ಬಿಡುಬೀಸಾಗಿ ಸೆಣಸುವುದು. ಇನ್ನೊಂದು ಕತಾ, ಕ್ರಮ ಗೊತ್ತುಪಡಿಸಿದ ಜೋಡಿ ಚಲನೆಗಳು. ನಮ್ಮ ಕತ್ತಿವರಸೆ, ದೊಣ್ಣೆವರಸೆಗಳಲ್ಲಿ ಬರುವ ‘ವರಸೆ’ ಎಂಬ ಪದವೇ ಇದಕ್ಕೆ ಹತ್ತಿರದ ಕನ್ನಡ. ಹೆಂಗಸರಿಗೆ ರಂದೋರಿ ಹದವಾಗಿ ಇತ್ತು, ಸ್ಪರ್ಧೆ ಮಾತ್ರ ಪೂರ್ತಿ ನಿಷಿದ್ಧ. ಹಾಗಾಗಿ ಅವರ ಹೊತ್ತೆಲ್ಲ ಕತಾದ ಮೇಲೆ ಬಿತ್ತು. ಅದರಲ್ಲೂ ಜು-ನೊ-ಕತಾ, ಮೃದುತ್ವದ ವರಸೆ, ಅವರ ಪಾಲಿಗೆ ಬಂತು. ಫುಕುಡಾ ಇದರಲ್ಲಿ ಪಳಗಿದ ಪರಿ ಎಂಥದೆಂದರೆ, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೊ ಮೊದಲ ಬಾರಿ ಸೇರ್ಪಡೆಯಾದಾಗ, ಪದಕಕ್ಕೆ ಸೆಣಸಿದ್ದು ಗಂಡಸರು ಮಾತ್ರ, ಆದರೆ ಜಗತ್ತಿನೆದುರು ಜು-ನೊ-ಕತಾ ಪ್ರದರ್ಶಿಸಿದವರು ಫುಕುಡಾ ಮತ್ತು ಮಸಾಕೊ ನೊರಿತೊಮಿ.

ಈ ವರಸೆಯಲ್ಲಿ ಮೂರು ಗುಂಪುಗಳಾಗಿ ಒಟ್ಟು ಹದಿನೈದು ಪಟ್ಟುಗಳಿವೆ. ಎರಡನೆಯದು ‘ಭುಜ ತಳ್ಳುವುದು’. ಇಬ್ಬರು ಒಬ್ಬರ ಹಿಂದೆ ಒಬ್ಬರು ನಿಂತಿರುತ್ತಾರೆ. ಹಿಂದಿನವಳು ಅಂಗೈಯಿಂದ ಮುಂದಿನವಳ ಬಲ ಭುಜವನ್ನು ನಿಧಾನವಾಗಿ, ಬಿಡದೆ ತಳ್ಳುತ್ತಾಳೆ. ಮುಂದಿನವಳು ತಡೆದು ನಿಲ್ಲುವುದಿಲ್ಲ. ತಳ್ಳಿದಷ್ಟೂ ಸೊಂಟದಿಂದ ಬಾಗುತ್ತಾ ಹೋಗುತ್ತಾಳೆ. ಒಂದು ಕ್ಷಣ ಬರುತ್ತದೆ: ತಳ್ಳುವ ಕೈಗೆ ತಳ್ಳಲು ಏನೂ ಉಳಿದಿಲ್ಲ, ಆದರೆ ಮೈಭಾರವೆಲ್ಲ ಆ ಕೈಯ ಬೆನ್ನಿಗೇ ಮುಂದಕ್ಕೆ ಬಂದುಬಿಟ್ಟಿದೆ. ಆಗ ಬಾಗಿದ್ದವಳು ಹಿಂದಕ್ಕೆ ಹೆಜ್ಜೆ ಸರಿಸಿ ಆ ಕೈಯ ಬೆರಳುಗಳನ್ನು ಹಿಡಿಯುತ್ತಾಳೆ. ಗಾಬರಿಯಾದವಳು ಇನ್ನೊಂದು ಕೈ ಬೀಸಿದರೆ ಅದೂ ಸೆರೆ. ಕೊನೆಗೆ ತಳ್ಳಿದವಳ ಎರಡೂ ತೋಳುಗಳು ತಲೆಯ ಮೇಲಕ್ಕೆ ಎಳೆಯಲ್ಪಟ್ಟು, ಬೆನ್ನು ಬಿಲ್ಲಾಗಿ, ತುದಿಗಾಲಿನಲ್ಲಿ ನಿಂತಿರುತ್ತಾಳೆ. ಕಾಲನ್ನು ತುಸು ಸರಿಸಿ ಸೋಲು ಒಪ್ಪುತ್ತಾಳೆ. ಯಾರೂ ನೆಲಕ್ಕೆ ಬೀಳುವುದಿಲ್ಲ, ಬಟ್ಟೆ ಹಿಡಿದು ಎಳೆದಾಡುವುದಿಲ್ಲ, ಮ್ಯಾಟ್ ಕೂಡ ಬೇಕಿಲ್ಲ. ನೋಡಲು ನೃತ್ಯದ ಹಾಗಿರುತ್ತದೆ. ಮಾಡಲು ಹೊರಟರೆ ಗೊತ್ತಾಗುತ್ತದೆ: ತೂಕ ಯಾವಾಗ ಯಾವ ಪಾದದ ಮೇಲಿದೆ ಎಂಬುದರಲ್ಲಿ ಕೂದಲೆಳೆ ತಪ್ಪಿದರೂ ಇಡೀ ಪಟ್ಟು ಕುಸಿಯುತ್ತದೆ.

ನೋಡಲು ನೃತ್ಯದಂತೆ ಇರುವುದೇ ಮುಳುವಾಯಿತು. ಹೆಂಗಸರಿಗೆ ಮೈ ಸೆಣಸಾಟ ಸಲ್ಲದು ಎಂದು ಕತಾ ಕೊಟ್ಟರು. ಕತಾ ಮಾಡುವವರು ಸ್ಪರ್ಧೆಯಲ್ಲಿ ಗೆದ್ದವರಲ್ಲ ಎಂದು ಮೇಲಿನ ಡಾನ್ ಕೊಡಲಿಲ್ಲ. ಜಪಾನಿನಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಜೂಡೊ ಸ್ಪರ್ಧೆ ಆರಂಭವಾದದ್ದೇ 1978ರಲ್ಲಿ, ಫುಕುಡಾ ಆಗ 65ರ ಮುದುಕಿ. ಗೆಲ್ಲುವ ಅವಕಾಶವನ್ನೇ ಕೊಡದೆ ಗೆದ್ದಿಲ್ಲ ಎಂದು ಅಂಕ ಕಳೆಯುವ ಈ ಲೆಕ್ಕ ಜೂಡೊದ ಸ್ವಂತ ಆವಿಷ್ಕಾರವೇನಲ್ಲ. ಅನುಭವ ಇಲ್ಲ ಎಂದು ಕೆಲಸ ಕೊಡದೆ, ಕೆಲಸ ಮಾಡಿಲ್ಲ ಎಂದು ಅನುಭವಿ ಅಲ್ಲ ಎನ್ನುವ ಕಚೇರಿಗಳನ್ನು ನಾವೂ ಕಂಡಿದ್ದೇವೆ.

ಕಾನೊ ಅವರನ್ನು ಇದರಲ್ಲಿ ಖಳನಾಯಕ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. 1890ರ ದಶಕದಲ್ಲೇ ಅವರು ಹೆಂಗಸರಿಗೆ ಕಲಿಸತೊಡಗಿದ್ದರು. ಜೂಡೊದ ನಿಜವಾದ ತಿರುಳು ನೋಡಬೇಕಾದರೆ ಮಹಿಳಾ ವಿಭಾಗಕ್ಕೆ ಹೋಗಿ ಎನ್ನುತ್ತಿದ್ದರೆಂದು ಶಿಷ್ಯರು ನೆನೆಯುತ್ತಾರೆ. ಇಂಗ್ಲಿಷ್ ಕಲಿಯಿರಿ, ಹೊರದೇಶಗಳಿಗೆ ಹೋಗಿ ಕಲಿಸಿರಿ ಎಂದು ಆ ಹೆಣ್ಣುಮಕ್ಕಳಿಗೆ ಹೇಳಿದವರೂ ಅವರೇ. 1938ರಲ್ಲಿ ಕೈರೊದ ಒಲಿಂಪಿಕ್ ಸಮಿತಿ ಸಭೆ ಮುಗಿಸಿ ಹಿಂದಿರುಗುವಾಗ ಅವರು ಹಡಗಿನಲ್ಲೇ ತೀರಿಕೊಂಡರು. ಕಾನೊ ಹೋದ ಮೇಲೆ ಸಂಸ್ಥೆ ಅವರ ನಿಯಮಗಳನ್ನು ಉಳಿಸಿಕೊಂಡಿತು, ಕುತೂಹಲವನ್ನು ಉಳಿಸಿಕೊಳ್ಳಲಿಲ್ಲ. ಸ್ಥಾಪಕರು ಸತ್ತ ಮೇಲೆ ಮಠವಾಗುವುದು ಬಹಳಷ್ಟು ಸಂಸ್ಥೆಗಳ ಹಣೆಬರಹ.

ಗುರುವಿನ ಮಾತನ್ನು ಅಕ್ಷರಶಃ ಪಾಲಿಸಿದವರು ಫುಕುಡಾ. 1953ರಲ್ಲಿ ಐದನೇ ಡಾನ್ ಬಂತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಿಂದ ಆಹ್ವಾನವೂ ಬಂದು, ಸುಮಾರು ಎರಡು ವರ್ಷ ಅಲ್ಲಿ ಕಲಿಸಿದರು. 1966ರಲ್ಲಿ ಮತ್ತೆ ಹೋದವರು ಅಲ್ಲಿಯೇ ನಿಂತರು. ಮಿಲ್ಸ್ ಕಾಲೇಜು ಎಂಬ ಮಹಿಳಾ ಕಾಲೇಜಿನಲ್ಲಿ 1967ರಿಂದ 1978ರವರೆಗೆ ಅಧ್ಯಾಪಕಿ. ಉಳಿದ ಹೊತ್ತಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಶಿಷ್ಯೆಯೊಬ್ಬರ ಮನೆಯಲ್ಲಿ ಪಾಠ. ತರಗತಿ ಬೆಳೆದಂತೆ ಅದು ಸೊಕೊ ಜೊಷಿ ಜೂಡೊ ಕ್ಲಬ್ ಆಯಿತು. ಸೊಕೊ ಎಂದರೆ ಜಪಾನಿಯರ ಬಾಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಜೊಷಿ ಎಂದರೆ ಹೆಂಗಸರು. ಜೂಡೊದ ಮೂಲ ಮನೆಯಲ್ಲಿ ಬೇರು ಬಿಡಲಾಗದ ಹೆಣ್ಣು ಗುರುವಿಗೆ ಒಂದು ಮಹಿಳಾ ಕಾಲೇಜು ಮತ್ತು ಒಂದು ಮನೆಯ ಕೋಣೆ ಸೇರಿ ಪೀಠ ಒದಗಿಸಿದವು.

1972ರಲ್ಲಿ ಗೋಡೆ ಬಿರುಕು ಬಿಟ್ಟದ್ದೂ ಅಲ್ಲಿಂದಲೇ. ಮೇಲಿನ ಡಾನ್ ಕೊಡಿ ಎಂದು ಫುಕುಡಾ ಬಾಯಿಬಿಟ್ಟು ಕೇಳುವವರಲ್ಲ. ಅವರು ಬೆಳೆದ ರೀತಿಯಲ್ಲಿ ಗುರುಮನೆಯನ್ನು ಕೇಳುವುದೇ ಅಪಚಾರ. ಆದರೆ ಆ ಊರಿನ ಮಹಿಳಾ ಹಕ್ಕುಗಳ ಸಂಘಟನೆಯಲ್ಲಿ ಪಳಗಿದ್ದ ಆ ಶಿಷ್ಯೆಗೆ ಅಂಥ ಮುಲಾಜು ಇರಲಿಲ್ಲ. ಪತ್ರ ಬರೆದರು, ಸಹಿ ಸಂಗ್ರಹಿಸಿದರು, ಒತ್ತಾಯ ಹೇರಿದರು. ಆ ವರ್ಷದ ನವೆಂಬರಿನಲ್ಲಿ ಫುಕುಡಾ ಆರನೇ ಡಾನ್‌ಗೆ ಏರಿದರು. ನೊರಿತೊಮಿ ಅವರಿಗೂ ಆರನೇ ಡಾನ್ ಬಂತು. ಅರ್ಹತೆ ಇದ್ದೂ ಬಾಯಿ ಕಟ್ಟಿಕೊಂಡಿದ್ದ ಗುರು, ಪರಂಪರೆಯ ಹಂಗಿಲ್ಲದ ಶಿಷ್ಯೆ: ಇಬ್ಬರಲ್ಲಿ ಒಬ್ಬರಿಂದಲೇ ಈ ಕೆಲಸ ಆಗುತ್ತಿರಲಿಲ್ಲ.

ಅದೇ ಅಮೆರಿಕದ ಇನ್ನೊಂದು ದಡದಲ್ಲಿ ಬೇರೊಂದು ಬಗೆಯ ಜಗಳ ನಡೆದಿತ್ತು. ನ್ಯೂಯಾರ್ಕಿನ ರಸ್ಟಿ ಕಾನೊಕೊಗಿ 1959ರಲ್ಲಿ ಗಂಡಸರ ತಂಡದಲ್ಲಿ ಸೆಣಸಿ ಗೆದ್ದರು. ಹೆಣ್ಣೆಂದು ತಿಳಿದಾಗ ಪದಕ ಹಿಂದಿರುಗಿಸಬೇಕಾಯಿತು. ಮುಂದೆ ಅವರೇ ಮುಂದೆ ನಿಂತು 1980ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ನಡೆಸಿದರು. 1988ರ ಸೋಲ್‌ನಲ್ಲಿ ಮಹಿಳಾ ಜೂಡೊ ಪ್ರದರ್ಶನ ಕ್ರೀಡೆಯಾಯಿತು, 1992ರ ಬಾರ್ಸಿಲೋನಾದಲ್ಲಿ ಪೂರ್ಣ ಪದಕದ ಕ್ರೀಡೆ. ಕಾನೊಕೊಗಿ ಹಿಡಿದದ್ದು ಸ್ಪರ್ಧೆಯ ದಾರಿ, ಫುಕುಡಾ ಹಿಡಿದದ್ದು ವಿದ್ಯೆಯ ದಾರಿ. ಪತ್ರಿಕೆಗಳಿಗೆ ಮೊದಲನೆಯದು ಇಷ್ಟ, ಅದರಲ್ಲಿ ಪದಕವಿದೆ, ಫೋಟೊ ಇದೆ. ನನಗೆ ಎರಡನೆಯದರ ಬಗ್ಗೆ ಹೆಚ್ಚು ಕುತೂಹಲ. ಪದಕ ಗೆದ್ದವಳು ಮೂವತ್ತಕ್ಕೆ ನಿವೃತ್ತಳಾಗುತ್ತಾಳೆ. ಆಮೇಲೆ ಅವಳನ್ನು ಗುರು ಎಂದು ಒಪ್ಪುವ ವ್ಯವಸ್ಥೆ ಇದೆಯೇ ಎಂಬುದು ಪದಕದಿಂದ ತೀರ್ಮಾನವಾಗುವ ವಿಷಯವಲ್ಲ.

ಜಪಾನಿನಲ್ಲೇ ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಇದೆ. ನಗಿನಾತಾ ಎಂಬುದು ಉದ್ದ ಕೋಲಿನ ತುದಿಗೆ ಬಾಗಿದ ಅಲಗು ಕಟ್ಟಿದ ಆಯುಧ. ಅದರ ವಿದ್ಯೆಯಲ್ಲಿ ಹೆಣ್ಣು ಗುರುಗಳು ಹೇರಳ. 1870ರಲ್ಲಿ ಹುಟ್ಟಿದ ಸೊನೊಬೆ ಹಿದೆಯೊ ಒಂದು ಇಡೀ ಪರಂಪರೆಯ ಮುಖ್ಯಸ್ಥೆಯಾಗಿದ್ದರು, ಗಂಡಸು ಕತ್ತಿವೀರರನ್ನು ಎದುರಿಸಿ ಹೆಸರಾದವರು. ಹಾಗಾದರೆ ಜಪಾನಿನ ಸಂಪ್ರದಾಯ ಹೆಣ್ಣು ಗುರುವನ್ನು ಒಪ್ಪುವುದಿಲ್ಲ ಎಂಬ ಮಾತು ಸುಳ್ಳಾಯಿತಲ್ಲ? ಪೂರ್ತಿ ಅಲ್ಲ. ನಗಿನಾತಾ ಯುದ್ಧಭೂಮಿಯಿಂದ ಮರೆಯಾಗಿ, ಬಾಲಕಿಯರ ಶಾಲೆಗಳ ವ್ಯಾಯಾಮವಾಗಿ, ‘ಹೆಂಗಸರ ವಿದ್ಯೆ’ ಎಂಬ ಪಟ್ಟಿ ಹಚ್ಚಿಕೊಂಡ ಮೇಲೆ ಅದರ ಗುರುಪೀಠ ಹೆಂಗಸರಿಗೆ ಬಂತು. ಗಂಡಸರು ಬಿಟ್ಟುಹೋದ ಮನೆಯ ಕೀಲಿಕೈ ಹೆಂಗಸರಿಗೆ ಸಿಗುತ್ತದೆ. ಜೂಡೊದ ಮನೆ ಖಾಲಿಯಾಗಿರಲಿಲ್ಲ. ಅದು ಒಲಿಂಪಿಕ್ಸ್‌ಗೆ, ಪೊಲೀಸ್ ಇಲಾಖೆಗೆ, ವಿಶ್ವವಿದ್ಯಾಲಯಗಳಿಗೆ ಹಬ್ಬಿ ಬೆಲೆ ಬಾಳುವ ಮನೆಯಾಗಿತ್ತು. ಆದ್ದರಿಂದ ಅಡ್ಡಿಯಾದದ್ದು ಸಂಪ್ರದಾಯವೋ ಅದರ ಹೆಸರಿನಲ್ಲಿ ಕಾಯ್ದ ಅಧಿಕಾರವೋ ಎಂದು ಕೇಳಿದರೆ ನಾನು ಎರಡನೆಯದು ಎನ್ನುತ್ತೇನೆ.

ಆ ಅಧಿಕಾರದ ಲೆಕ್ಕ ಬಯಲಾದದ್ದು 2013ರ ಆರಂಭದಲ್ಲಿ. ಜಪಾನಿನ ಹದಿನೈದು ಅಗ್ರ ಮಹಿಳಾ ಜೂಡೊ ಪಟುಗಳು ತಮ್ಮ ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರ ರ್ಯೂಜಿ ಸೊನೊಡಾ ಹೊಡೆಯುತ್ತಾರೆ ಎಂದು ದೂರಿದ್ದರು. ಕೆನ್ನೆಗೆ ಏಟು, ಬಿದಿರು ಕತ್ತಿಯಿಂದ ಏಟು. ದೂರು ಮೊದಲು ಜೂಡೊ ಒಕ್ಕೂಟದ ಒಳಗೇ ಹೋಗಿತ್ತು, ಎಚ್ಚರಿಕೆ ಕೊಟ್ಟು ಮುಗಿಸಿದ್ದರು. ಪಟುಗಳು 2012ರ ಡಿಸೆಂಬರಿನಲ್ಲಿ ಜಪಾನಿನ ಒಲಿಂಪಿಕ್ ಸಮಿತಿಗೆ ಪತ್ರ ಬರೆದರು, ಜನವರಿ ಕೊನೆಯಲ್ಲಿ ಸುದ್ದಿ ಹೊರಬಿತ್ತು, ಸೊನೊಡಾ ರಾಜೀನಾಮೆ ಕೊಟ್ಟರು. ಅಂದಿನ ಒಕ್ಕೂಟದ ಆಡಳಿತ ಮಂಡಳಿಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. 1984ರಲ್ಲಿ ಜಪಾನಿಗೆ ಮೊದಲ ಮಹಿಳಾ ವಿಶ್ವ ಪಟ್ಟ ತಂದ ಕಾವೊರಿ ಯಾಮಾಗುಚಿ ಆ ಹುಡುಗಿಯರ ಬೆನ್ನಿಗೆ ನಿಂತರು, ಆದರೆ ಅವರಿಗೂ ಒಳಗೆ ನಿರ್ಧಾರದ ಕುರ್ಚಿ ಇರಲಿಲ್ಲ. ಆ ಗದ್ದಲದ ನಡುವೆಯೇ, ಫೆಬ್ರುವರಿ 9ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫುಕುಡಾ ತೀರಿಕೊಂಡರು. ನೂರು ತುಂಬಲು ಎರಡು ತಿಂಗಳಿತ್ತು.

ನಿಯಮವೊಂದು ಒಬ್ಬ ಗುರುವಿಗೆ ಮಾಡಿದ ಅನ್ಯಾಯ ಆ ಗುರುವಿನ ಜೊತೆ ಮುಗಿಯುವುದಿಲ್ಲ ಎಂಬುದಕ್ಕೆ ಈ ಎರಡು ಸುದ್ದಿಗಳು ಅಕ್ಕಪಕ್ಕದಲ್ಲಿ ಬಂದದ್ದೇ ಸಾಕ್ಷಿ. 1950ರ ದಶಕದಿಂದಲೇ ಹೆಂಗಸರು ಆರು, ಏಳು, ಎಂಟು ಎಂದು ಏರಿದ್ದರೆ, 2012ರ ಹೊತ್ತಿಗೆ ಎರಡು ಮೂರು ತಲೆಮಾರಿನ ಹಿರಿಯ ಗುರುಮಾತೆಯರು ಒಕ್ಕೂಟದ ಒಳಗಿರುತ್ತಿದ್ದರು. ಹೊಡೆತ ತಿಂದವರು ಹೊರಗಿನ ಬಾಗಿಲು ತಟ್ಟಬೇಕಿರಲಿಲ್ಲ. ಹತ್ತು ವರ್ಷದ ಬಳಿಕ, 2023ರ ಜನವರಿಯಲ್ಲಿ, ನಮ್ಮ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ಆರೋಪ ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತದ್ದೂ ಹೊರಗಿನ ಬಾಗಿಲೇ. ಆರೋಪದ ನಿಜಸುಳ್ಳು ನ್ಯಾಯಾಲಯಕ್ಕೆ ಸೇರಿದ್ದು. ಒಲಿಂಪಿಕ್ ಪದಕ ಗೆದ್ದವರಿಗೂ ಒಕ್ಕೂಟದ ಒಳಗೆ ಹೇಳಿಕೊಳ್ಳಲು ಜಾಗವಿರಲಿಲ್ಲ ಎಂಬುದಕ್ಕೆ ಮಾತ್ರ ತೀರ್ಪು ಬೇಕಿಲ್ಲ.

ಕರ್ನಾಟಕಕ್ಕೂ ಇದರಲ್ಲೊಂದು ಎಳೆ ಇದೆ. 2022ರಲ್ಲಿ ಸರಾಯೆವೊದಲ್ಲಿ ಮಣಿಪುರದ ಲಿಂಥೋಯ್ ಚನಂಬಮ್ ಹದಿಹರೆಯದವರ ವಿಶ್ವ ಕೆಡೆಟ್ ಜೂಡೊದಲ್ಲಿ ಚಿನ್ನ ಗೆದ್ದಾಗ, ಯಾವುದೇ ವಯೋಮಾನದಲ್ಲಿ ಭಾರತಕ್ಕೆ ಸಿಕ್ಕ ಮೊದಲ ವಿಶ್ವ ಜೂಡೊ ಪದಕ ಅದು. ಆಕೆ ಪಳಗಿದ್ದು ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ, ಜಾರ್ಜಿಯಾ ದೇಶದಿಂದ ಬಂದ ತರಬೇತುದಾರರ ಕೈಯಲ್ಲಿ. ಗರಡಿಯ ಮಣ್ಣಿಗೆ ಹೆಣ್ಣುಮಕ್ಕಳ ಕಾಲು ತಾಗಬಾರದು ಎನ್ನುತ್ತಿದ್ದ ನಾಡಿನಲ್ಲಿ, ಅವರು ಮೈಸೂರು ದಸರಾ ಕುಸ್ತಿಯ ಅಖಾಡಕ್ಕೂ ಇಳಿದಿದ್ದಾರೆ. ಸೆಣಸುವ ಹುಡುಗಿಯರು ಇದ್ದಾರೆ. ಹೆಣ್ಣು ಉಸ್ತಾದರನ್ನು ಮಾತ್ರ ಹುಡುಕಿ ತೋರಿಸಬೇಕು.

ಫುಕುಡಾ ತಮ್ಮ ಶಿಷ್ಯೆಯರಿಗೆ ಹೇಳುತ್ತಿದ್ದ ಸೂತ್ರದಲ್ಲಿ ಮೂರು ಪದಗಳಿವೆ: ಬಲ, ಮೃದುತ್ವ, ಚೆಲುವು. ಮೂರನೆಯದು ಇಂದಿನ ಕಿವಿಗೆ ಸ್ವಲ್ಪ ಇರಿಸುಮುರಿಸು, ನನಗೂ ಹೌದು. ಹೆಣ್ಣಿಗೆ ಮಾತ್ರ ಯಾಕೆ ಚೆಲುವಿನ ಹೊರೆ? ಆದರೆ ಜು-ನೊ-ಕತಾದಲ್ಲಿ ಎದುರಾಳಿಯನ್ನು ಬೆನ್ನ ಮೇಲೆ ಎತ್ತಿ, ಎಸೆಯದೆ, ಹಾಗೇ ತಡೆದು ನಿಲ್ಲಿಸಿ, ಬಳಿಕ ಮೆಲ್ಲಗೆ ನೆಲಕ್ಕೆ ಇಳಿಸುವುದನ್ನು ನೋಡಿದರೆ ಅವರು ಮುಖದ ಚೆಲುವಿನ ಮಾತಾಡುತ್ತಿರಲಿಲ್ಲ ಎಂದು ತಿಳಿಯುತ್ತದೆ. ಹೆಂಗಸರ ಪಾಲಿಗೆ ಬಿಟ್ಟುಕೊಟ್ಟಿದ್ದ ಆ ವರಸೆಗೆ ಈಗ ವಿಶ್ವ ಚಾಂಪಿಯನ್‌ಷಿಪ್ ಇದೆ, 2009ರಲ್ಲಿ ಮಾಲ್ಟಾದಲ್ಲಿ ಮೊದಲನೆಯದು ನಡೆಯಿತು. ಗಂಡಸರೂ ಅದರಲ್ಲಿ ಭಾಗವಹಿಸುತ್ತಾರೆ.

2011ರ ಜುಲೈನಲ್ಲಿ ಅಮೆರಿಕದ ಜೂಡೊ ಸಂಸ್ಥೆ ಫುಕುಡಾ ಅವರಿಗೆ ಹತ್ತನೇ ಡಾನ್ ಕೊಟ್ಟಿತು. ಆಗ ಅವರಿಗೆ 98, ವಾರಕ್ಕೆ ಮೂರು ದಿನದ ತರಗತಿ ಇನ್ನೂ ನಡೆದಿತ್ತು. ಕೊಡೊಕಾನ್ ಕೊಡಲಿಲ್ಲ. 2006ರ ಆ ಜನವರಿಯವರೆಗೆ ಕೊಡೊಕಾನ್‌ನಿಂದ ಹತ್ತನೇ ಡಾನ್ ಪಡೆದ ಹದಿನೈದು ಜನರೂ ಗಂಡಸರೇ.

ಪ್ಯಾರಿಸ್ ಒಲಿಂಪಿಕ್ಸ್ ಮುಗಿದ ಮೇಲೆ, 2024ರಲ್ಲಿ, ಜಪಾನಿನ ಮಹಿಳಾ ಜೂಡೊ ತಂಡಕ್ಕೆ ಮೊದಲ ಬಾರಿ ಒಬ್ಬ ಮಹಿಳೆ ಮುಖ್ಯ ತರಬೇತುದಾರರಾಗಿ ಬಂದರು. ಹೆಸರು ಮಾಕಿ ತ್ಸುಕಾಡಾ, ಅಥೆನ್ಸ್ 2004ರ ಚಿನ್ನದ ಪದಕ ವಿಜೇತೆ. ಹುಟ್ಟಿದ್ದು 1982ರಲ್ಲಿ. ಬಾರ್ಸಿಲೋನಾದಲ್ಲಿ ಹೆಂಗಸರು ಮೊದಲ ಬಾರಿ ಒಲಿಂಪಿಕ್ ಪದಕಕ್ಕೆ ಸೆಣಸಿದಾಗ ಅವರಿಗೆ ಹತ್ತು ವರ್ಷ. ಆ ಮ್ಯಾಟ್‌ನಿಂದ ಅದರ ಅಂಚಿನ ಕುರ್ಚಿಗೆ ಬರಲು ಜಪಾನಿನ ಹೆಣ್ಣುಮಕ್ಕಳಿಗೆ 32 ವರ್ಷ ಹಿಡಿಯಿತು.